ಟ್ರಿನಿಡಾಡ್: ಕ್ರಿಸ್‌ಮಸ್ಸಿಗೆ ಹೋಗಬೇಕಾ, ಕಾರ್ನಿವಲ್‌ಗಾ?

ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನಲ್ಲಿ ಗದ್ದಲ, ಕುಣಿತ ಬೇಕಾದರೆ ಬೀದಿ ಮೆರವಣಿಗೆಯ ಹಬ್ಬ ಕಾರ್ನಿವಲ್. ಫೆಬ್ರವರಿ ಅಥವಾ ಮಾರ್ಚ್‌ನ ಒಂದು ಸೋಮವಾರ, ಮಂಗಳವಾರ ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೋಮವಾರ ಬೆಳಕು ಹರಿಯುವ ಮೊದಲೇ ಜೂವೇ, ಅಂದರೆ ಕಾರ್ನಿವಲ್ ಆರಂಭದ ಬೀದಿ ಕುಣಿತ, ಶುರು. ಮೈತುಂಬ ಕೆಸರು, ಬಣ್ಣ. ಹಳೇ ಬಟ್ಟೆ ಹಾಕಿಕೊಳ್ಳಿ. ರೂಮಿನ ಬಾಡಿಗೆ ಮಾತ್ರ ವಿಪರೀತ.

ಕ್ರಿಸ್‌ಮಸ್ ಮನೆಯೊಳಗಿನ ಹಬ್ಬ. ಹಾಡುಗಾರರು ಪರಾಂಗ್ ಎಂಬ ಕ್ರಿಸ್‌ಮಸ್ ಹಾಡುಗಳನ್ನು ಸ್ಪ್ಯಾನಿಷ್‌ನಲ್ಲಿ ಹಾಡುತ್ತಾ ಮನೆಮನೆಗೆ ಬರುತ್ತಾರೆ. ಪರಿಚಯದವರಿಲ್ಲದಿದ್ದರೆ ಸ್ವಲ್ಪ ಬೋರೇ. ಆದರೆ ಊಟ ಇದರದ್ದೇ ಜಾಸ್ತಿ ರುಚಿ: ರಮ್‌ನಲ್ಲಿ ನೆನೆದ ಹಣ್ಣಿನ ಕಪ್ಪು ಕೇಕ್, ಸೋರೆಲ್ ಹೂವಿನ ಕೆಂಪು ಪಾನಕ, ಮೆಕ್ಕೆಜೋಳದ ಹಿಟ್ಟನ್ನು ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಪಾಸ್ಟೆಲ್. ಒಳಗೆ ಸಾಮಾನ್ಯವಾಗಿ ಮಾಂಸ ಇರುತ್ತದೆ, ಸಸ್ಯಾಹಾರಿಗಳು ಕೇಳಿ ತಿನ್ನಿ.

ತಿನ್ನಲು ಎರಡು ಮೆತ್ತನೆ ರೊಟ್ಟಿಗಳ ನಡುವೆ ಕಡಲೆಕಾಳಿನ ಪಲ್ಯ ಇಟ್ಟ ಡಬಲ್ಸ್, ನೋಡಲು ಸಂಜೆ ಕರೋನಿ ಜೌಗಿಗೆ ಮರಳುವ ಕೆಂಪು ಐಬಿಸ್ ಹಕ್ಕಿಗಳು ಎರಡೂ ಹಬ್ಬಕ್ಕೆ ಸಿಗುತ್ತವೆ. ಮೊದಲ ಸಲವಾದರೆ ಕಾರ್ನಿವಲ್ಲೇ ಸರಿ.