ಪಿಜಿ ಡಂಪ್ ಒಂದನ್ನೇ ನಂಬಿ ಕೂತಿದ್ದೆ, ಈಗ ಪಿಜಿ ಬೇಸ್‌ಬ್ಯಾಕಪ್ ಕೂಡ ಇದೆ

ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಜೊತೆ ಬ್ಯಾಕಪ್ ತೆಗೆಯುವ ಈ ಎರಡೂ ಟೂಲ್‌ಗಳು ಪುಕ್ಕಟೆ ಬರುತ್ತವೆ. ಪಿಜಿ ಡಂಪ್ ಡೇಟಾವನ್ನು ಓದಿ ಫೈಲಿಗೆ ಬರೆದಿಡುತ್ತದೆ. ನಾನು ಬಹಳ ದಿನ ಪಿಜಿ ಡಂಪ್ ಒಂದರಲ್ಲೇ ಕಾಲ ಹಾಕಿದೆ. ರಾತ್ರಿ 2ಕ್ಕೆ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಶುರುಮಾಡುವ ಪ್ರೋಗ್ರಾಂ) ಓಡುತ್ತಿತ್ತು, ಬೆಳಿಗ್ಗೆ ಫೈಲ್ ಬಂದಿದೆಯಾ ಅಂತ ನೋಡಿ ಕಾಫಿಗೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಬಿಲ್ ಟೇಬಲ್ ಮೇಲೆ, ಯಾವ ಸಾಲು ಬದಲಾಗಬೇಕು ಅಂತ ಹೇಳುವ 'ವೇರ್' ಇಲ್ಲದೆ ಅಪ್‌ಡೇಟ್ ಹೊಡೆದೆ. ಬೇರೆ ಯಾರೂ ಅಲ್ಲ, ನಾನೇ. ಎಲ್ಲರ ಬಿಲ್ಲೂ ಒಂದೇ ಏಟಿಗೆ 'ಪಾವತಿಯಾಗಿದೆ'! ಕೈಯಲ್ಲಿದ್ದದ್ದು ರಾತ್ರಿಯ ಡಂಪ್. ಬೆಳಗಿನಿಂದ ಯಾರು ಕಟ್ಟಿದರು, ಯಾರು ಕಟ್ಟಿಲ್ಲ ಅನ್ನುವುದು ಅದರಲ್ಲಿ ಎಲ್ಲಿಂದ ಬರಬೇಕು? ರಸೀದಿ ಹಿಡಿದು ಒಂದೊಂದೇ ಸರಿಮಾಡುವಷ್ಟರಲ್ಲಿ ಸಂಜೆಯಾಗಿತ್ತು.

ಹಾಗಂತ ಡಂಪ್ ಕೆಟ್ಟದ್ದಲ್ಲ. ಹಳೇ ವರ್ಷನ್‌ನಿಂದ ತೆಗೆದದ್ದನ್ನು ಹೊಸದಕ್ಕೆ ಹಾಕಬಹುದು, ಬೇಕಾದ ಒಂದೇ ಟೇಬಲ್ ಎತ್ತಿಕೊಳ್ಳಬಹುದು. ಆದರೆ ವಾಪಸ್ ಹಾಕುವಾಗ ಇಂಡೆಕ್ಸ್‌ಗಳನ್ನೆಲ್ಲ (ಬೇಗ ಹುಡುಕಲು ಇರುವ ಸೂಚಿಗಳು) ಹೊಸದಾಗಿ ಕಟ್ಟಬೇಕು, ಡೇಟಾ ದೊಡ್ಡದಿದ್ದರೆ ಗಂಟೆಗಟ್ಟಲೆ ಕಾಯುವುದೇ ಕೆಲಸ. ಯೂಸರ್‌ಗಳು, ಪಾಸ್‌ವರ್ಡ್‌ಗಳು ಅದರಲ್ಲಿ ಬರುವುದಿಲ್ಲ, ಅವಕ್ಕೆ ಪಿಜಿ ಡಂಪ್‌ಆಲ್ ಬೇರೆ ಓಡಿಸಬೇಕು. ಸುಮಾರು ಜನ ಇದನ್ನು ಮರೆತಿರುತ್ತಾರೆ.

ಬೇಸ್‌ಬ್ಯಾಕಪ್ ಡಿಸ್ಕ್ ಮೇಲಿನ ಫೈಲ್‌ಗಳನ್ನೇ ಇದ್ದ ಹಾಗೆ ನಕಲು ಮಾಡುತ್ತದೆ. ಜೊತೆಗೆ ವಾಲ್ ಫೈಲ್‌ಗಳನ್ನೂ (ಡೇಟಾದಲ್ಲಿ ಆದ ಪ್ರತಿ ಬದಲಾವಣೆಯನ್ನು ಪೋಸ್ಟ್‌ಗ್ರೆಸ್ ಬರೆದಿಡುವ ಲಾಗ್) ಬಿಡದೆ ಎತ್ತಿಡುತ್ತಿದ್ದರೆ '11:39ಕ್ಕೆ ಹೇಗಿತ್ತೋ ಹಾಗೆ ಕೊಡು' ಅಂತ ಕೇಳಬಹುದು. ಅವತ್ತು ನನಗೆ ಬೇಕಿದ್ದದ್ದು ಇದೇ ಅಲ್ವಾ! 2024ರಲ್ಲಿ ಬಂದ 17ನೇ ವರ್ಷನ್‌ನಿಂದ ಬದಲಾದಷ್ಟನ್ನೇ ತೆಗೆಯುವ ಇನ್‌ಕ್ರಿಮೆಂಟಲ್ ಬ್ಯಾಕಪ್ ಕೂಡ ಇದೆ, ಜಾಗ ಎಷ್ಟೋ ಉಳಿಯುತ್ತದೆ.

ಕಿರಿಕಿರಿಯೂ ಇದೆ. 15ನೇ ವರ್ಷನ್‌ನಲ್ಲಿ ತೆಗೆದದ್ದು 16ರಲ್ಲಿ ಏಳುವುದೇ ಇಲ್ಲ. ವಾಲ್ ಫೈಲ್‌ಗಳನ್ನು ಬೇರೆ ಜಾಗಕ್ಕೆ ಕಳಿಸುವ ಕಮಾಂಡ್ ಎಲ್ಲೋ ಕೈಕೊಟ್ಟರೆ ಪೋಸ್ಟ್‌ಗ್ರೆಸ್ ಆ ಫೈಲ್‌ಗಳನ್ನು ಅಳಿಸದೆ ಕೂಡಿಡುತ್ತಾ ಹೋಗುತ್ತದೆ. ಒಂದೊಂದೂ ಸಾಮಾನ್ಯವಾಗಿ 16 ಎಂಬಿ. ಕೊನೆಗೆ ಡಿಸ್ಕ್ ತುಂಬಿ ಸರ್ವರ್ರೇ ನಿಲ್ಲುತ್ತದೆ. ಇದಕ್ಕೊಂದು ಅಲರ್ಟ್ ಇಡದೆ ಶುರುಮಾಡಲೇಬೇಡಿ.

ಡೇಟಾ ಸಣ್ಣದು, ಒಂದು ದಿನದ್ದು ಹೋದರೂ ನಡೆಯುತ್ತೆ ಅಂದರೆ ಡಂಪ್ ಸಾಕು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ದುಡ್ಡಿನ ಲೆಕ್ಕ ಇದ್ದರೆ ಬೇಸ್‌ಬ್ಯಾಕಪ್, ವಾಲ್ ಎರಡೂ ಬೇಕು. ನಾನು ವಾರಕ್ಕೊಂದು ಡಂಪನ್ನೂ ಬಿಟ್ಟಿಲ್ಲ. ಮೊನ್ನೆ ಒಂದೇ ಒಂದು ಟೇಬಲ್ಲಿನ ಹಿಂದಿನ ದಿನದ ಡೇಟಾ ಬೇಕಾಯಿತು. ಬೇಸ್‌ಬ್ಯಾಕಪ್‌ನಿಂದ ಅದೊಂದನ್ನೇ ಕೀಳಲು ಆಗುವುದಿಲ್ಲ. ಇಡೀ 180 ಜಿಬಿಯನ್ನು ಬೇರೆ ಮಷೀನಿನಲ್ಲಿ ಎಬ್ಬಿಸಿ, ಅಲ್ಲಿಂದ ಆ ಟೇಬಲ್ಲನ್ನು ತಂದದ್ದು ಮತ್ತೆ ಪಿಜಿ ಡಂಪ್‌ನಿಂದಲೇ.