ವಾರ್ಡ್ ಸಮಿತಿ ಸಭೆ: ಒಂದು ವರ್ಷ ಹಾಜರಾದ ಮೇಲೆ ಬರೆದ ವಿಮರ್ಶೆ

ಬೆಂಗಳೂರಿನಲ್ಲಿ ನಿವಾಸಿಗಳಿಗೆ ಇರುವ ಸಾರ್ವಜನಿಕ ಸೇವೆಗಳಲ್ಲಿ ಅತ್ಯಂತ ಉಪಯುಕ್ತವಾಗಿಯೂ ಅತಿ ಕಡಿಮೆ ಬಳಕೆಯಾಗುತ್ತಿರುವುದು, ವಾರ್ಡಿನ ಕೆಲಸಗಳನ್ನು ನಿವಾಸಿಗಳೂ ಅಧಿಕಾರಿಗಳೂ ಕೂಡಿ ಚರ್ಚಿಸುವ ವಾರ್ಡ್ ಸಮಿತಿಯ ಮಾಸಿಕ ಸಭೆ ಎಂಬುದು ನನ್ನ ಅಭಿಪ್ರಾಯ. 2023ರಲ್ಲಿ, ಪಾಲಿಕೆಯಲ್ಲಿ ಚುನಾಯಿತ ಸದಸ್ಯರಿಲ್ಲದೆ ಅಧಿಕಾರಿಗಳೇ ಸಭೆ ನಡೆಸುತ್ತಿದ್ದ ಕಾಲದಲ್ಲಿ, ನಮ್ಮ ವಾರ್ಡಿನ ಸಭೆಗೆ ಒಂದು ವರ್ಷ ತಪ್ಪದೆ ಹೋಗಿ ಬಂದ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ.

ಈ ಸಭೆ ಯಾರೋ ದಯಪಾಲಿಸಿದ್ದಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು 3 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಲೇಬೇಕೆಂದು ಹೇಳುತ್ತದೆ. ಅಂದಿನ ಬೆಂಗಳೂರಿನ ನಿಯಮಗಳ ಪ್ರಕಾರ ಸಮಿತಿಯ 10 ಮಂದಿ ಸದಸ್ಯರಲ್ಲಿ ಕನಿಷ್ಠ 3 ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡಗಳ 2 ಮಂದಿ, ನಿವಾಸಿಗಳ ಸಂಘಗಳ 2 ಮಂದಿ ಇರಬೇಕಿತ್ತು.

ಮೊದಲ ಮೂರು ಸಭೆಗಳು ನಿರಾಶೆ ತಂದವು. ಬಂದವರು ಹತ್ತು ಹನ್ನೆರಡು ಮಂದಿ, ಬಹುಪಾಲು ನಿವೃತ್ತರು. ಒಬ್ಬೊಬ್ಬರೂ ತಮ್ಮ ಮನೆಯ ಮುಂದಿನ ಗುಂಡಿಯ ವಿಷಯ ಹೇಳಿ, ಎಂಜಿನಿಯರರು "ನೋಡೋಣ" ಎಂದು ಬರೆದುಕೊಂಡು, ಸಭೆ ಮುಗಿಯುತ್ತಿತ್ತು. ಪರಿಸ್ಥಿತಿ ಬದಲಾದದ್ದು ನಾಲ್ಕನೆಯ ತಿಂಗಳು, ಸಭೆಗೆ ಮುಂಚಿನ ಭಾನುವಾರ ಬೆಳಿಗ್ಗೆ ನಾವು ಕೆಲವರು ಬಡಾವಣೆಯ ನಕ್ಷೆ ಹಿಡಿದು ಮುಖ್ಯರಸ್ತೆಯುದ್ದಕ್ಕೂ ನಡೆದಾಗ. ದೇವಸ್ಥಾನದ ಪಕ್ಕ ಹೂವು ಮಾರುವ ಅಜ್ಜಿಯೊಬ್ಬರು ನಮ್ಮನ್ನು ಕರೆದು, "ಮೊದಲು ಈ ಮೆಟ್ಟಿಲು ನೋಡ್ರಪ್ಪ, ಬುಟ್ಟಿ ಹೊತ್ಕೊಂಡು ಹತ್ತಕ್ಕಾಗಲ್ಲ" ಎಂದರು. ಟೇಪು ಹಿಡಿದು ನೋಡಿದರೆ ಫುಟ್‌ಪಾತ್ ರಸ್ತೆಯಿಂದ ಒಂದಡಿಗಿಂತ ಎತ್ತರವಿತ್ತು. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯಂತೆ ಅದು 150 ಮಿಲಿಮೀಟರ್ ಮೀರಬಾರದು, ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬಿಡಬೇಕು. ಅದೇ ರಸ್ತೆಯಲ್ಲಿ ವರ್ಷಗಟ್ಟಲೆ ಓಡಾಡಿದ ನನಗೆ ಆ ಎತ್ತರ ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ.

ಅಳತೆ, ಫೋಟೊ ಮತ್ತು ನಕ್ಷೆಯ ಮೇಲಿನ ಗುರುತುಗಳೊಂದಿಗೆ ಸಭೆಗೆ ಹೋದಾಗ ಮಾತಿನ ರೀತಿಯೇ ಬೇರೆಯಾಯಿತು. ದೂರು ಹೇಳುವವರಾಗಿ ಹೋಗಿದ್ದ ನಾವು ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಎಂಜಿನಿಯರರ ಜೊತೆ ಕುಳಿತು ಪಟ್ಟಿ ಮಾಡುವವರಾದೆವು. ಜನಾಗ್ರಹ ಸಂಸ್ಥೆ ನಡೆಸುವ 'ನನ್ನ ನಗರ ನನ್ನ ಬಜೆಟ್' ಅಭಿಯಾನವೂ ಒಳ್ಳೆಯದೇ, ಅಲ್ಲಿ ಬಜೆಟ್ಟಿಗೆ ಮೊದಲೇ ಬೇಡಿಕೆ ಬರೆದು ಕೊಡಬಹುದು. ಆದರೆ ಕೊಟ್ಟ ಬೇಡಿಕೆ ಏನಾಯಿತೆಂದು ಪ್ರತಿ ತಿಂಗಳು ಎದುರಿಗೇ ಕೇಳುವ ಅವಕಾಶವಿರುವುದು ಈ ಸಭೆಯಲ್ಲಿ.

ಕೊರತೆಗಳನ್ನು ಮುಚ್ಚಿಡಲಾರೆ. ಸಭೆಯ ಸಮಯ ಬೆಳಿಗ್ಗೆ ಹನ್ನೊಂದು ಗಂಟೆ. ಮನೆಗೆಲಸದವರು, ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು, ಬೀದಿ ವ್ಯಾಪಾರಿಗಳು ಕೂಲಿ ಬಿಟ್ಟು ಬರುವುದು ಸಾಧ್ಯವೇ ಇಲ್ಲ. ಅಜ್ಜಿ ಒಮ್ಮೆಯೂ ಬರಲಾಗಲಿಲ್ಲ, ಅವರ ಮಾತನ್ನು ನಾವೇ ಹೇಳಬೇಕಾಯಿತು. ಎರಡು ತಿಂಗಳ ಕಾಲ, ಹಿಂದಿನ ಸಭೆಯ ನಡಾವಳಿ, ಅಂದರೆ ಅಲ್ಲಿ ಏನು ತೀರ್ಮಾನವಾಯಿತೆಂಬ ಬರಹ, ಸಿಗಲೇ ಇಲ್ಲ. ಒಪ್ಪಿದ ಕೆಲಸವನ್ನು ಬರಹದಲ್ಲಿ ತೋರಿಸಲು ಆಗದಿದ್ದರೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ, ಬಹಳ ಜನ ಬರುವುದನ್ನು ಬಿಟ್ಟುಬಿಡುವುದು ಇದೇ ಹಂತದಲ್ಲಿ. ಈ ಒಂದು ಲೋಪವನ್ನು ನಾನು ಅತಿ ಗಂಭೀರವೆಂದು ಪರಿಗಣಿಸುತ್ತೇನೆ.

ಹೊಸದಾಗಿ ಹೋಗುವವರು ಹಿಂದಿನ ನಡಾವಳಿಯ ಪ್ರತಿಯನ್ನು ಮೊದಲೇ ಲಿಖಿತವಾಗಿ ಕೇಳಿ ಪಡೆದಿರಲಿ, ನಕ್ಷೆ ಹಿಡಿದು ಒಂದು ಸುತ್ತು ನಡೆದೇ ಹೋಗಲಿ. ನಮ್ಮ ಪಟ್ಟಿಯ ಒಂಬತ್ತು ಕೆಲಸಗಳಲ್ಲಿ ವರ್ಷದ ಕೊನೆಗೆ ನಾಲ್ಕು ಮುಗಿದಿದ್ದವು. ದೇವಸ್ಥಾನದ ಬಳಿ ಫುಟ್‌ಪಾತನ್ನು ಇಳಿಜಾರು ಮಾಡಿದ್ದಾರೆ, ಅಜ್ಜಿ ಈಗ ಬುಟ್ಟಿ ಇಳಿಸದೆಯೇ ಹತ್ತುತ್ತಾರೆ; ಅದರಾಚೆ ಚರಂಡಿಯ ಒಡೆದ ಚಪ್ಪಡಿ ಮಾತ್ರ ಆಗ ಇನ್ನೂ ಹಾಗೆಯೇ ಇತ್ತು.