ಮರಿಯಾಮಾ ಬಾ ಅವರ ‘ಸೋ ಲಾಂಗ್ ಎ ಲೆಟರ್’: ಲೆಕ್ಕಪತ್ರ ಬಿಚ್ಚಿಡುವ ಕಾದಂಬರಿ

ಸೆನೆಗಲ್‌ನ ಮರಿಯಾಮಾ ಬಾ ಬರೆದದ್ದು ಎರಡೇ ಕಾದಂಬರಿ. ಮೊದಲನೆಯದಾದ ಇದು 1979ರಲ್ಲಿ ಫ್ರೆಂಚ್‌ನಲ್ಲಿ ಬಂತು. ಆಫ್ರಿಕಾದಲ್ಲಿ ಪ್ರಕಟವಾದ ಪುಸ್ತಕಗಳಿಗೆ ಕೊಡುತ್ತಿದ್ದ ನೋಮಾ ಪ್ರಶಸ್ತಿ 1980ರಲ್ಲಿ ಮೊಟ್ಟಮೊದಲು ಸಂದದ್ದು ಇದಕ್ಕೇ. 1981ರಲ್ಲಿ ಬಾ ತೀರಿಕೊಂಡರು. ಮೋದುಪೆ ಬೋದೆ-ಥಾಮಸ್ ಮಾಡಿದ ಇಂಗ್ಲಿಷ್ ಅನುವಾದ ಸುಮಾರು 90 ಪುಟ. ಒಂದೇ ಪಟ್ಟಿಗೆ ಓದಿ ಮುಗಿಸಬಹುದು; ಆದರೆ ಅವಸರದಲ್ಲಿ ಓದಿದರೆ ಹಣಕಾಸಿನ ವಿವರಗಳೆಲ್ಲ ಕಣ್ತಪ್ಪಿ, ಬರೀ ಸವತಿಯ ಕಥೆಯಷ್ಟೇ ಉಳಿಯುತ್ತದೆ.

ಗಂಡ ಮೊದು ಫಾಲ್ ಸತ್ತಿದ್ದಾನೆ. ಹನ್ನೆರಡು ಮಕ್ಕಳ ತಾಯಿ, ಶಿಕ್ಷಕಿ ರಾಮತುಲಾಯ್ ನಾಲ್ಕು ತಿಂಗಳು ಹತ್ತು ದಿನದ ಇದ್ದತ್‌ನಲ್ಲಿ (ಮುಸ್ಲಿಂ ವಿಧವೆ ಪಾಲಿಸುವ ಕಾಯುವ ಅವಧಿ) ಕೂತು ಗೆಳತಿ ಐಸಾತುಗೆ ಬರೆಯುತ್ತಾಳೆ. ಮಗಳ ಸಹಪಾಠಿ ಬಿನೆತುವನ್ನೇ ಗಂಡ ಎರಡನೆಯ ಹೆಂಡತಿಯಾಗಿ ತಂದಿದ್ದ.

ಕಾದಂಬರಿಯ ಜೀವ ಇರುವುದು ‘ಮಿರಾಸ್’ (ಇಸ್ಲಾಮಿನಂತೆ ಸತ್ತವರ ಆಸ್ತಿ ಹಂಚಿಕೆ) ಭಾಗದಲ್ಲಿ. ಆಸ್ತಿ ಹಂಚುವ ಮೊದಲು ಸತ್ತವನ ಗುಟ್ಟುಗಳೆಲ್ಲ ಹೊರಬೀಳುತ್ತವೆ. ಬಿನೆತುವಿನ ಓದು ಬಿಡಿಸಿ, ಅದಕ್ಕೆ ಬದಲಾಗಿ ಅವಳಿಗೆ ತಿಂಗಳಿಗೆ 50,000 ಫ್ರಾಂಕ್. ಹೊಸ ಮನೆಗಾಗಿ ಬ್ಯಾಂಕ್ ಸಾಲ. ಆ ಸಾಲಕ್ಕೆ ಅಡವಿಟ್ಟದ್ದು ಗಂಡ ಹೆಂಡತಿ ಇಬ್ಬರ ಉಳಿತಾಯದಲ್ಲಿ ಕೊಂಡ ಹಳೆಯ ಮನೆ. ಪತ್ರದಲ್ಲಿ ಹೆಸರು ಮಾತ್ರ ಅವನೊಬ್ಬನದು! ಸಾವಿನ ಮನೆಯಲ್ಲಿ ಕೂಡಿದ ಮುಯ್ಯಿಯ ಹಣವನ್ನೂ ಗಂಡನ ಕಡೆಯವರು ಕಟ್ಟಿಕೊಂಡು ಹೋಗುತ್ತಾರೆ. ಹೆಣ್ಣಿಗಾದ ಅನ್ಯಾಯವನ್ನು ಇಷ್ಟು ಲೆಕ್ಕ ಹಾಕಿ ತೋರಿಸಿದ ಕಾದಂಬರಿಗಳು ಕಡಿಮೆ.

ಹಿನ್ನೆಲೆಯಾಗಿ ಒಂದು ಕಾನೂನು ತಿಳಿದಿರಬೇಕು. ಸೆನೆಗಲ್‌ನ 1972ರ ಕುಟುಂಬ ಸಂಹಿತೆಯ ಪ್ರಕಾರ ಏಕಪತ್ನಿತ್ವವೋ ಬಹುಪತ್ನಿತ್ವವೋ ಎಂದು ಗಂಡು ಆರಿಸಿಕೊಳ್ಳಬಹುದು. ಅವನು ಏನನ್ನೂ ಆರಿಸದಿದ್ದರೆ ಬಹುಪತ್ನಿತ್ವವೇ ಅನ್ವಯ. ಶಿಕ್ಷಕಿಯಾಗಿದ್ದ, ಮಹಿಳಾ ಸಂಘಟನೆಗಳಲ್ಲಿ ದುಡಿದ ಬಾ, ಸಭೆಗಳಲ್ಲಿ, ಪತ್ರಿಕೆಗಳಲ್ಲಿ ಪ್ರಶ್ನಿಸಿದ್ದೂ ಇಂಥ ಬದುಕನ್ನೇ. ಹಾಗೆಂದು ಇದನ್ನು ಆತ್ಮಕಥೆ ಎಂದು ಓದಬಾರದು. ಒಂಬತ್ತು ಮಕ್ಕಳ ತಾಯಿಯಾದ ಬಾ ವಿಚ್ಛೇದನ ಪಡೆದವರು. ರಾಮತುಲಾಯ್ ಮದುವೆ ಮುರಿಯದೆ ಉಳಿದವಳು. ತನ್ನ ಗಂಡನನ್ನು ಬಿಟ್ಟು ನಡೆದವಳು ಐಸಾತು. ಅವಳು ಮುಂದೆ ಓದಿ, ದುಡಿದು, ಬಸ್ಸಿಗೆ ಕಾಯುವ ಗೆಳತಿಗೆ ಫಿಯೆಟ್ 125 ಕಾರನ್ನೇ ಕೊಡಿಸುತ್ತಾಳೆ. ಗಂಡ ಕೈಬಿಟ್ಟ ಹೆಂಗಸು ಭಯ ನುಂಗಿ ಚಕ್ರ ಹಿಡಿಯುವ ಆ ಭಾಗ ತುಂಬ ಚೆನ್ನಾಗಿದೆ.

ಕೊರತೆಗಳೂ ಇವೆ. ಐಸಾತುವಿನ ಬದುಕನ್ನು ಐಸಾತುವಿಗೇ ಪುಟಗಟ್ಟಲೆ ಹೇಳುವುದು ಕೃತಕ. ರಾಜಕೀಯದ ಮಾತು ಬಂದಲ್ಲಿ ಪಾತ್ರಗಳು ಭಾಷಣಕ್ಕೆ ಇಳಿಯುತ್ತವೆ. ಹೆಸರುಗಳೂ ಗೊಂದಲ ಮಾಡುತ್ತವೆ: ನಾಬು ಇಬ್ಬರು, ಐಸಾತುವೂ ಇಬ್ಬರು (ಒಬ್ಬಳು ಮಗಳು). ಒಂದು ಚೀಟಿಯಲ್ಲಿ ಸಂಬಂಧಗಳನ್ನು ಗುರುತು ಹಾಕಿಕೊಂಡೇ ಶುರು ಮಾಡಿ. ಓದುಕೂಟದಲ್ಲಿ ಚರ್ಚೆಗೆ ಇಡುವುದಾದರೆ ಮಿರಾಸ್ ಭಾಗವನ್ನು ಮೊದಲು ಗಟ್ಟಿಯಾಗಿ ಓದಿಸಿ. ಸತ್ತ ಗಂಡನ ಅಣ್ಣ ತಮ್ಸೀರ್ ಮದುವೆಯ ಮಾತೆತ್ತಿದಾಗ ರಾಮತುಲಾಯ್ ಅಷ್ಟು ಸಿಡಿಯುವುದು ಯಾಕೆಂದು ಆಮೇಲೆ ಯಾರಿಗೂ ವಿವರಿಸಬೇಕಾಗುವುದಿಲ್ಲ.